ಬಲ ಹೆಚ್ಚಿಸಲು ಹೋಗಿ ಬಲಗುಂದಿದ ಎಂಜಿನು

ಅಮೆರಿಕ ದೇಶದಲ್ಲಿ ‘ಮಸಲ್ ಕಾರ್’ ಎಂಬ ಹೆಸರಿನ ಒಂದು ವರ್ಗದ ಮೋಟಾರುಗಳುಂಟು. ಮಧ್ಯಮ ಗಾತ್ರದ, ಹೆಚ್ಚು ಬೆಲೆಯಿಲ್ಲದ ಕಾರಿನಲ್ಲಿ ದೊಡ್ಡ ಕಾರಿಗೆ ತಕ್ಕ ಎಂಟು ಸಿಲಿಂಡರುಗಳ ಎಂಜಿನನ್ನು ಕೂಡಿಸಿದರೆ ಅದೇ ಮಸಲ್ ಕಾರ್. ಪಾಂಟಿಯಾಕ್ ಸಂಸ್ಥೆಯವರು 1964ರ ಮಾದರಿಯ ಟೆಂಪೆಸ್ಟ್ ಕಾರಿಗೆ 389 ಘನ ಅಂಗುಲದ, 325 ಅಶ್ವಶಕ್ತಿಯ ಎಂಜಿನನ್ನು ಅಳವಡಿಸಿ ಜಿ.ಟಿ.ಓ. ಎಂಬ ಹೆಸರಿನಿಂದ ಮಾರಿದುದೇ ಈ ಪರಂಪರೆಯ ಆರಂಭವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಹಳೆಯ ಕಾರುಗಳನ್ನು ಇಂದಿಗೂ ಅಕ್ಕರೆಯಿಂದ ಕಾಪಾಡುವವರು ಅಲ್ಲಿ ಅನೇಕರು. ಇವರಲ್ಲಿ ಕೆಲವರು ಕಾರ್ಖಾನೆಯವರು ಕೊಟ್ಟ ಬಲದಿಂದ ತೃಪ್ತರಾಗದೆ ದೊಡ್ಡ ಕಾರ್ಬ್ಯುರೇಟರು, ಹೊಸ ಕ್ಯಾಮ್‌ಷಾಫ್ಟು ಮುಂತಾದುವನ್ನು ಕೊಂಡು ಜೋಡಿಸುತ್ತಾರೆ. ಕಡೆಗೆ ನೋಡಿದರೆ ಕಾರು ಮೊದಲಿಗಿಂತಲೂ ಮಂದ! ಆಗ ಇನ್ನೊಂದು ದುಬಾರಿ ಭಾಗವನ್ನು ಕೊಳ್ಳುವುದು. ಇಲ್ಲವೆ ತಪ್ಪು ಜೋಡಣೆಯಲ್ಲೇ ಓಡಿಸಿ ಎಂಜಿನನ್ನೇ ಕಳೆದುಕೊಳ್ಳುವುದು. ಇಂಥ ಕಾರುಗಳು ನಮ್ಮ ಕಡೆ ಕಾಣಸಿಗುವುದು ಅಪರೂಪವಾದರೂ, ಇವುಗಳ ದೋಷವನ್ನು ಹುಡುಕುವ ಕ್ರಮವು ಪದಾರ್ಥವಿಜ್ಞಾನದ ಪಾಠದಂತೆಯೇ ಇರುವುದರಿಂದ ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೆ ರುಚಿಸೀತೆಂದು ಭಾವಿಸಿ ಇಲ್ಲಿ ವಿವರಿಸುತ್ತೇನೆ.

ಎಂಜಿನೆಂದರೆ ಮೊದಲಿಗೆ ಗಾಳಿಯನ್ನು ಎಳೆದು ಹೊರಗಟ್ಟುವ ಒಂದು ಪಂಪು. ಷೆವ್ರೊಲೆ ಸಂಸ್ಥೆಯ 350 ಘನ ಅಂಗುಲದ ಎಂಜಿನನ್ನೇ ತೆಗೆದುಕೊಳ್ಳೋಣ. ಅದು ಎರಡು ಸುತ್ತಿಗೊಮ್ಮೆ 350 ಘನ ಅಂಗುಲ ಗಾಳಿಯನ್ನು ಸೇದುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗಿದರೆ 3,000 ಸಲ. ಎಂದರೆ 10,50,000 ಘನ ಅಂಗುಲ. ಒಂದು ಘನ ಅಡಿಗೆ 1,728 ಘನ ಅಂಗುಲವಾದುದರಿಂದ ಭಾಗಿಸಿದರೆ ಸುಮಾರು 608 ಘನ ಅಡಿ ಬರುತ್ತದೆ. ಸಿಲಿಂಡರುಗಳು ನೂರಕ್ಕೆ 85ರಷ್ಟು ತುಂಬುವುವೆಂದು ಹಿಡಿದರೆ 516 ಸಾಕು. ಇಂಥ ಎಂಜಿನಿಗೆ 850 ಘನ ಅಡಿಯ ಕಾರ್ಬ್ಯುರೇಟರನ್ನು ಹೇರಿದರೆ ಫಲವೇನು? ಅದರ ಅಗಲವಾದ ಕೊರಳಿನಲ್ಲಿ ಗಾಳಿಯ ವೇಗ ಕುಗ್ಗುತ್ತದೆ. ವೇಗ ಕುಗ್ಗಿದರೆ, ಬರ್ನೂಲಿಯ ನಿಯಮದಂತೆ, ಒತ್ತಡದ ಇಳಿತವೂ ಕುಗ್ಗುತ್ತದೆ. ಪೆಟ್ರೋಲು ಸಣ್ಣ ತುಂತುರಾಗಿ ಮೇಲೇಳುವುದಿಲ್ಲ. ಎಕ್ಸಲರೇಟರನ್ನು ಒಮ್ಮೆಲೇ ಒತ್ತಿದಾಗ ಎಂಜಿನು ಮುಗ್ಗರಿಸುವುದಕ್ಕೆ ಇದೊಂದು ಮುಖ್ಯ ಕಾರಣ.

ಕ್ಯಾಮ್‌ಷಾಫ್ಟಿನ ಕತೆಯೂ ಇಂಥದೇ. ಪಂದ್ಯಕ್ಕಾಗಿ ಮಾಡಿದ ಕ್ಯಾಮ್‌ಷಾಫ್ಟು ಕವಾಟಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಪಿಸ್ಟನು ಮೇಲೇರತೊಡಗಿ ಬಹಳವಾದ ಮೇಲೆ ಒಳಗವಾಟ ಮುಚ್ಚುತ್ತದೆ. ವೇಗವಾಗಿ ತಿರುಗುವಾಗ ಗಾಳಿಯ ಜಡತ್ವವೇ ಅದನ್ನು ಒಳನುಗ್ಗಿಸುವುದರಿಂದ ಲಾಭ. ನಿಧಾನವಾಗಿ ತಿರುಗುವಾಗ ಒಳಬಂದ ಮಿಶ್ರಣದ ಒಂದಂಶವು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಸಂಪೀಡನದ ಅನುಪಾತ ಕಡಮೆಯಿರುವ ಎಂಜಿನಿಗೆ ಈ ನಷ್ಟವನ್ನು ತಾಳುವ ಶಕ್ತಿಯಿಲ್ಲ. ಸೀಸ ಕಡಮೆಯಿರುವ ಪೆಟ್ರೋಲಿನಿಂದಲೂ ನಡೆಯಲೆಂದು ಜನರಲ್ ಮೋಟರ್ಸ್‌ನವರು 1971ರ ಮಾದರಿಗಳಲ್ಲಿ ಈ ಅನುಪಾತವನ್ನು ಇಳಿಸಿದ್ದರು. ಅಂಥ ಎಂಜಿನಿಗೆ ಪಂದ್ಯದ ಕ್ಯಾಮ್‌ಷಾಫ್ಟು ಹಾಕಿದರೆ ಯಾವ ತಿರುಪನ್ನು ತಿರುಗಿಸಿದರೂ ಕೆಳವೇಗದಲ್ಲಿ ಬಲ ಬಾರದು. ಸೌಮ್ಯವಾದ ಬೇರೊಂದನ್ನು ಹಾಕುವುದೇ ಮದ್ದು.

ಇನ್ನು ನಿರ್ವಾತಮಾಪಕ. ಅಗ್ಗದ ಉಪಕರಣ, ಆದರೆ ವೈದ್ಯರಿಗೆ ನಾಡಿ ಹೇಗೋ ಇಲ್ಲಿ ಇದು ಹಾಗೆ. ಮಾರ್ಪಡಿಸದ ಆರೋಗ್ಯವಂತ ಎಂಜಿನು ನಿಂತಲ್ಲಿ ನಡೆಯುವಾಗ ಪಾದರಸದ 17ರಿಂದ 21 ಅಂಗುಲಗಳಷ್ಟು ನಿರ್ವಾತವನ್ನು ತೋರುತ್ತದೆ. ಉಗ್ರವಾದ ಕ್ಯಾಮ್‌ಷಾಫ್ಟು ಇದ್ದರೆ ಹತ್ತಕ್ಕೂ ಕೆಳಗೆ ಇಳಿಯಬಹುದು. ಹಾಲಿ ಕಾರ್ಬ್ಯುರೇಟರುಗಳಲ್ಲಿ ಭಾರ ಬಿದ್ದಾಗ ಮಾತ್ರ ತೆರೆದು ಹೆಚ್ಚಿನ ಪೆಟ್ರೋಲು ಕೊಡುವ ‘ಪವರ್ ವಾಲ್ವ್’ ಎಂಬುದೊಂದುಂಟು. 6.5 ಎಂದು ಗುರುತಿರುವ ವಾಲ್ವು ನಿರ್ವಾತವು ಆರೂವರೆ ಅಂಗುಲಕ್ಕಿಂತ ಇಳಿದೊಡನೆ ತೆರೆಯುತ್ತದೆ. ಎಂಜಿನಿನ ನಿರ್ವಾತವೇ ಆರಾದರೆ ಅದು ನಿಂತಲ್ಲೂ ತೆರೆದೇ ಇರತಕ್ಕದ್ದು. ಪ್ಲಗ್ಗುಗಳಿಗೆ ಕಾಡಿಗೆ ಕಟ್ಟಿ ಎಂಜಿನು ಉಸಿರುಗಟ್ಟುತ್ತದೆ. ನಿರ್ವಾತದ ಅರ್ಧದಷ್ಟು ಗುರುತಿನ ವಾಲ್ವನ್ನು ಆರಿಸುವುದು ರೂಢಿ. ಆದರೆ ಮ್ಯಾನಿಫೋಲ್ಡಿನ ಕೆಳಗಣ ಗ್ಯಾಸ್ಕೆಟ್ಟು ಸೋರಿದರೂ ನಿರ್ವಾತ ಇಳಿಯುವುದರಿಂದ, ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕ್ಯಾಮ್‌ಷಾಫ್ಟನ್ನು ದೂರುವುದು ನ್ಯಾಯ.

ಎಲ್ಲಕ್ಕಿಂತ ಹೆಚ್ಚು ಉಪೇಕ್ಷೆಗೆ ಒಳಗಾಗುವುದು ಕಿಡಿಯ ಕಾಲವೆಂದು ನನ್ನ ಅಭಿಪ್ರಾಯ. ಮಿಶ್ರಣವು ಉರಿಯಲು ಸಮಯ ಬೇಕಾದುದರಿಂದ ಪಿಸ್ಟನು ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಮೇಲೆ ಹೇಳಿದ ಷೆವ್ರೊಲೆ ಎಂಜಿನಿನ ಹಳೆಯ ಕಬ್ಬಿಣದ ಹೆಡ್ಡುಗಳಿಗೆ, ನಿಮಿಷಕ್ಕೆ 3,000 ಸುತ್ತಿನ ವೇಳೆಗೆ, ಒಟ್ಟು 34ರಿಂದ 36 ಡಿಗ್ರಿಗಳ ಮುಂಗಡ ಸಾಮಾನ್ಯವಾಗಿ ಹಿತ. ಹಲವರು ಹೊಸ ಡಿಸ್ಟ್ರಿಬ್ಯೂಟರನ್ನು ಹಾಕಿ, ನಿಂತಲ್ಲಿನ ಮುಂಗಡವನ್ನಷ್ಟೇ ನೋಡಿ ಕೈತೊಳೆದುಕೊಳ್ಳುತ್ತಾರೆ. ಒಟ್ಟು ಮುಂಗಡ 26ಕ್ಕೇ ನಿಂತಿದ್ದರೆ ಬಲವೆಲ್ಲ ಹೊಗೆಕೊಳವೆಯಲ್ಲಿ ಶಾಖವಾಗಿ ಹೋಗುತ್ತದೆ. ಅತಿಯಾದರೆ ಇನ್ನೂ ಕೆಡುಕು: ಜ್ವಾಲೆ ತಲಪುವ ಮೊದಲೇ ಉಳಿದ ಮಿಶ್ರಣ ಸ್ಫೋಟಿಸಿ, ಪಿಸ್ಟನಿನ ನೆತ್ತಿ ತೂತಾಗುವುದೂ ಉಂಟು. ನಿರ್ವಾತದ ಕೊಳವೆಯನ್ನು ಡಿಸ್ಟ್ರಿಬ್ಯೂಟರಿನಿಂದ ಕಳಚಿ, ಟೈಮಿಂಗ್ ಲೈಟಿನಿಂದ ಇದನ್ನು ಅಳೆಯಬೇಕು. ಅಳೆಯುವ ಗುರುತೇ ಸುಳ್ಳಾಗಿದ್ದರೆ? ಕ್ರ್ಯಾಂಕ್‌ಷಾಫ್ಟಿನ ಮುಂದಣ ಚಕ್ರದ ಹೊರಬಳೆಯು ರಬ್ಬರಿನ ಮೇಲೆ ಕೂತಿದೆ. ವರ್ಷಗಳು ಕಳೆದಂತೆ ಅದು ಜಾರುವುದುಂಟು. ಒಂದನೆಯ ಸಿಲಿಂಡರಿನ ಪ್ಲಗ್ಗು ತೆಗೆದು, ಪಿಸ್ಟನನ್ನು ತಡೆಯುವ ಬೋಲ್ಟೊಂದನ್ನು ಅಲ್ಲಿ ಕೂಡಿಸಿ, ಎಂಜಿನನ್ನು ಕೈಯಿಂದ ಎರಡೂ ಕಡೆಗೆ ಮೆಲ್ಲನೆ ತಿರುಗಿಸಿ, ಎರಡು ತಡೆಗಳಲ್ಲೂ ಗೆರೆ ಎಳೆದರೆ ಅವುಗಳ ನಡುಮಧ್ಯವೇ ನಿಜವಾದ ತುದಿ. ರೇಖಾಗಣಿತದ ಈ ಸೊಗಸನ್ನು ಬಾಲಕರು ಗಮನಿಸಲಿ.

ಇವೆಲ್ಲಕ್ಕೂ ಮುನ್ನ ಬಿಡಿಕಾಸಿನ ಖರ್ಚಿಲ್ಲದ ಒಂದು ಪರೀಕ್ಷೆಯುಂಟು. ಎಂಜಿನನ್ನು ನಿಲ್ಲಿಸಿ, ಒಬ್ಬನು ಪೆಡಲನ್ನು ನೆಲಮುಟ್ಟ ಒತ್ತಲಿ. ಇನ್ನೊಬ್ಬನು ಕಾರ್ಬ್ಯುರೇಟರಿನ ತೆರೆಗಳು ಪೂರ್ತಿ ತೆರೆದವೇ ಎಂದು ನೋಡಲಿ. ಅರ್ಧಕ್ಕೇ ನಿಂತ ಪ್ರಸಂಗಗಳು ಕಡಮೆಯಲ್ಲ! ಬಳಿಕ ಪೆಟ್ರೋಲಿನ ಒತ್ತಡ, ಸಿಲಿಂಡರುಗಳ ಸಂಪೀಡನ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಟ್ಟುಕೊಂಡು ಮುಂದುವರಿಯಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರದೆಂದು ತಿಳಿಯದು.

ಎಂಜಿನು ನಿರ್ದೋಷಿಯಾಗಿದ್ದೂ ಕಾರು ಮಂದವಾಗಿದ್ದರೆ ಹಿಂದಣ ಅಚ್ಚಿನ ಗೇರನ್ನು ನೋಡಬೇಕು. 26 ಅಂಗುಲದ ಚಕ್ರಗಳಿರುವ ಕಾರು ಗಂಟೆಗೆ 60 ಮೈಲು ಓಡುವಾಗ, ಮೇಲಣ ಗೇರು ನೇರವಾಗಿದ್ದರೆ, 2.73ರ ಅನುಪಾತದಲ್ಲಿ ಎಂಜಿನು ಸುಮಾರು 2,100 ಸುತ್ತು ತಿರುಗುತ್ತದೆ, 3.73ರಲ್ಲಿ ಸುಮಾರು 2,900. ಮೇಲುವೇಗದಲ್ಲಷ್ಟೇ ಬಲ ಕೊಡುವ ಕ್ಯಾಮ್‌ಷಾಫ್ಟಿಗೆ ಎರಡನೆಯದೇ ಸರಿ. ಪೆಟ್ರೋಲಿನ ಖರ್ಚು ಏರುವುದನ್ನು ಮಾತ್ರ ಯಜಮಾನನು ಮೊದಲೇ ಲೆಕ್ಕಹಾಕಿಕೊಂಡಿರಬೇಕು.