‘ಗಣೇಶನ ಮದುವೆ’ ನೋಡಿ ಒಬ್ಬರು ನಗ್ತಾರೆ, ಇನ್ನೊಬ್ಬರು ನಗಲ್ಲ. ಯಾಕೆ?

ಇವತ್ತು ಒಂದು ಹಳೇ ಸಿನಿಮಾ ಬಗ್ಗೆ ಮಾತಾಡೋಣ. 1990ರ ‘ಗಣೇಶನ ಮದುವೆ’. ನಿರ್ದೇಶಕರು ಫಣಿ ರಾಮಚಂದ್ರ, ನಾಯಕ ಅನಂತ್ ನಾಗ್, ನಾಯಕಿ ವಿನಯಾ ಪ್ರಸಾದ್.

ಈ ಸಿನಿಮಾ ಬಗ್ಗೆ ನಾನು ನಾಯಂಡಹಳ್ಳಿಯಲ್ಲಿ ನನಗೆ ಪರಿಚಯ ಇರೋ ಕೆಲವರನ್ನ ಕೇಳಿದೆ. ನಲವತ್ತೈದು ದಾಟಿದವರ ಮುಖದಲ್ಲಿ ಹೆಸರು ಕೇಳಿದ ತಕ್ಷಣ ನಗು. ‘ಟೀವಿಯಲ್ಲಿ ಯಾವಾಗ ಬಂದ್ರೂ ಚಾನೆಲ್ ಬದಲಾಯಿಸಲ್ಲ’ ಅಂದರು ಒಬ್ಬ ಆಂಟಿ. ಪಿಜಿಯಲ್ಲಿರೋ ಹುಡುಗ ಹುಡುಗಿಯರು ಮೊಬೈಲ್‌ನಲ್ಲಿ ನೋಡಿ ಬೇರೆ ಥರ ಹೇಳಿದರು. ಒಬ್ಬ ಹುಡುಗಿ, ‘ನಗು ಬಂತು, ಆದರೆ ದಿನಾ ಹುಡುಗಿ ಜೊತೆ ಕಾಲು ಕೆರ್ಕೊಂಡು ಜಗಳಕ್ಕೆ ಹೋಗೋದು ತಮಾಷೆನಾ?’ ಅಂತ ಕೇಳಿದಳು. ಅವಳ ರೂಮ್‌ಮೇಟ್, ‘ಓನರ್ ಕಂಡ್ರೆ ನನಗೆ ನಗು ಬರಲ್ಲ, ಬಿಪಿ ಬರುತ್ತೆ’ ಅಂದಳು.

ಇವರಲ್ಲಿ ಯಾರದು ಸರಿ? ಇಬ್ಬರದೂ ಸರಿ ಅನ್ನೋದು ನನ್ನ ಲೆಕ್ಕ. ಯಾಕೆ ಅಂತ ಹೇಳ್ತೀನಿ.

ಮೊದಲು ಕಥೆ. ರಮಣಮೂರ್ತಿ ಅನ್ನೋರದ್ದು ಒಂದು ವಠಾರ. ಆ ಪಾತ್ರ ಮಾಡಿರೋದು ಮುಖ್ಯಮಂತ್ರಿ ಚಂದ್ರು. ಅಲ್ಲೊಬ್ಬ ಬಾಡಿಗೆದಾರ ವೈ.ಜಿ. ರಾವ್. ಓನರ್‌ಗೂ ಇವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಓನರ್ ಮಗಳು ಆದಿಲಕ್ಷ್ಮಿಗೂ ಇವನನ್ನ ಕಂಡ್ರೆ ಆಗಲ್ಲ. ಆದರೆ ಆದಿಲಕ್ಷ್ಮಿ ‘ಶ್ರುತಿ’ ಅನ್ನೋ ಹೆಸರಲ್ಲಿ ಹಾಡ್ತಾಳೆ. ರಾವ್ ಆ ಶ್ರುತಿಯ ಅಭಿಮಾನಿ, ‘ಗಣೇಶ’ ಅನ್ನೋ ಹೆಸರಲ್ಲಿ ಅವಳಿಗೆ ಕಾಗದ ಬರೀತಾನೆ. ಕಾಗದದಲ್ಲಿ ಪ್ರೀತಿ, ವಠಾರದಲ್ಲಿ ಜಗಳ. ಎದುರು ಬದುರು ಇರೋದು ಅವರವರೇ ಅಂತ ಅವರಿಗೆ ಗೊತ್ತಿಲ್ಲ.

ಇಂಥ ಸಿನಿಮಾಗೆ ಅಮೆರಿಕದಲ್ಲಿ ಒಂದು ಹೆಸರಿದೆ: ಸ್ಕ್ರೂಬಾಲ್ ಕಾಮಿಡಿ. ಸ್ಕ್ರೂಬಾಲ್ ಅಂದ್ರೆ ಬೇಸ್‌ಬಾಲ್‌ನಲ್ಲಿ ಬ್ಯಾಟ್ಸ್‌ಮನ್ ಅಂದುಕೊಂಡಿದ್ದಕ್ಕೆ ಉಲ್ಟಾ ದಿಕ್ಕಿಗೆ ತಿರುಗೋ ಎಸೆತ. ನಮ್ಮ ಕ್ರಿಕೆಟ್‌ನ ಗೂಗ್ಲಿ ಇದ್ದ ಹಾಗೆ ಅಂದ್ಕೊಳ್ಳಿ. 1934ರಲ್ಲಿ ಫ್ರಾಂಕ್ ಕಾಪ್ರಾ ನಿರ್ದೇಶನದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಬಂತು. ಮನೆ ಬಿಟ್ಟು ಬಂದ ಶ್ರೀಮಂತರ ಮಗಳು, ಕೆಲಸ ಕಳ್ಕೊಂಡ ಪತ್ರಕರ್ತ, ಇಬ್ಬರೂ ಬಸ್ಸಲ್ಲಿ ಕಿತ್ತಾಡ್ತಾ ಪ್ರಯಾಣ ಮಾಡ್ತಾರೆ. ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ, ಹೀಗೆ ಐದೂ ಮುಖ್ಯ ಆಸ್ಕರ್ ಅದಕ್ಕೆ ಸಿಕ್ಕಿತು. ಅದೇ ವರ್ಷ ಹಾಲಿವುಡ್‌ನಲ್ಲಿ ಸೆನ್ಸಾರ್ ನಿಯಮ ಬಿಗಿ ಆಯ್ತು. ಪ್ರೀತಿಯನ್ನ ಬಿಚ್ಚಿ ತೋರಿಸೋ ಹಾಗಿರಲಿಲ್ಲ. ಹಾಗಾಗಿ ಮುಂದೆ ಬಂದ ಇಂಥ ಸಿನಿಮಾಗಳಲ್ಲಿ ಮುತ್ತಿನ ಕೆಲಸವನ್ನೆಲ್ಲ ಮಾತು ಮಾಡ್ತು. ಮನೆಮಂದಿಯೆಲ್ಲ ಕೂತು ನೋಡೋ ನಮ್ಮ ಕನ್ನಡ ಸಿನಿಮಾಗೂ ಈ ದಾರಿ ಚೆನ್ನಾಗಿ ಹೊಂದುತ್ತೆ.

ಈ ಥರದ ಹಾಸ್ಯಕ್ಕೆ ಒಂದು ಷರತ್ತಿದೆ. ಜಗಳ ಆಡೋ ಇಬ್ಬರೂ ಸಮ ಇರಬೇಕು. ಒಬ್ಬರು ಒಂದು ಅಂದ್ರೆ ಇನ್ನೊಬ್ಬರು ಎರಡು ಅನ್ನೋ ಹಾಗಿರಬೇಕು. ಒಬ್ಬರು ಬರೀ ಹೊಡೆಯೋದು, ಇನ್ನೊಬ್ಬರು ಬರೀ ಹೊಡೆಸಿಕೊಳ್ಳೋದು ಆದ್ರೆ ಅದು ಕಾಮಿಡಿ ಅಲ್ಲ, ಕಾಟ. ನಾನು ಕೇಳಿದ ಅಭಿಪ್ರಾಯಗಳು ಎರಡಾಗಿದ್ದು ಇಲ್ಲೇ. ತೆರೆ ಮೇಲೆ ಇಬ್ಬರು ಸಮಾನರು ಕಂಡೋರು ನಕ್ಕರು, ಕಾಣದೇ ಇದ್ದೋರು ನಗಲಿಲ್ಲ.

ಈಗ ಓನರ್ ವಿಷಯಕ್ಕೆ ಬರೋಣ. ಇಷ್ಟೆಲ್ಲ ಜಗಳ ಆಡೋ ಬದಲು ರಮಣಮೂರ್ತಿ ಇವನನ್ನ ಖಾಲಿ ಮಾಡಿಸಬಾರದಾ? ಇವತ್ತು ಸಿನಿಮಾ ನೋಡೋರಿಗೆ ಮೊದಲು ಬರೋ ಪ್ರಶ್ನೆ ಇದೇ. ಸಿನಿಮಾ ಕಾನೂನಿನ ಪಾಠ ಮಾಡಲ್ಲ, ಆದರೆ ಆ ಕಾಲದ ಪ್ರೇಕ್ಷಕರಿಗೆ ಉತ್ತರ ಗೊತ್ತಿತ್ತು. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಆಗ ಜಾರಿಯಲ್ಲಿತ್ತು. ಅದರ ವ್ಯಾಪ್ತಿಯ ಮನೆಗಳಲ್ಲಿ ಬಾಡಿಗೆದಾರನನ್ನ ಬಿಡಿಸಬೇಕಾದ್ರೆ ಕಾಯ್ದೆ ಒಪ್ಪೋ ಕಾರಣ ಬೇಕು, ಕೋರ್ಟಿಗೂ ಹೋಗಬೇಕು. ಅಂಥ ಕೇಸು ವರ್ಷಗಟ್ಟಲೆ ಎಳೆಯೋದು ಎಲ್ಲರಿಗೂ ಗೊತ್ತಿದ್ದ ಮಾತು. ಅಂದ್ರೆ ಮನೆ ಓನರ್‌ದು, ಆದರೆ ಬಾಡಿಗೆದಾರನ ಕಾಲ ಕೆಳಗೂ ನೆಲ ಇತ್ತು. ಅದಕ್ಕೇ ಆ ಜಗಳ ನೋಡೋಕೆ ಮಜಾ. ನಲ್ಲಿ ನೀರಿಗೆ, ಒಂದೇ ಗೇಟಿಗೆ, ರಾತ್ರಿ ಲೈಟಿಗೆ ಕಿತ್ತಾಡಿ ಬೆಳೆದ ಆ ಆಂಟಿಗೆ ರಮಣಮೂರ್ತಿ ಅಂದ್ರೆ ಪರಿಚಯದ ಮನುಷ್ಯ. ಬೈಬಹುದು, ಬೈಸ್ಕೋಬಹುದು, ಹಬ್ಬದ ದಿನ ಒಬ್ಬಟ್ಟೂ ಕೊಡಬಹುದು.

1961ರ ಕಾಯ್ದೆ ಹೋಗಿ 1999ರ ಬಾಡಿಗೆ ಕಾಯ್ದೆ ಬಂತು. ಊರೂ ಬದಲಾಯ್ತು. ಮೈಸೂರು ರಸ್ತೆ, ರಿಂಗ್ ರೋಡ್ ಸೇರೋ ನಾಯಂಡಹಳ್ಳಿ ಜಂಕ್ಷನ್ ಮೇಲೆ ಫ್ಲೈಓವರ್ ಇದೆ. ಕೆಂಗೇರಿ ಕಡೆಯ ಮೆಟ್ರೋ 2021ರ ಆಗಸ್ಟ್‌ನಲ್ಲಿ ಶುರುವಾಯ್ತು. ಕಾಲೇಜು, ಆಫೀಸು ಅಂತ ಬರೋ ಮಕ್ಕಳಿಗೆ ಇಲ್ಲಿ ಸಿಗೋದು ವಠಾರ ಅಲ್ಲ, ಪಿಜಿ. ಹನ್ನೊಂದು ತಿಂಗಳ ಅಗ್ರಿಮೆಂಟ್ ಕೂಡ ಎಷ್ಟೋ ಜನರ ಕೈಲಿರಲ್ಲ. ಅಡ್ವಾನ್ಸ್ ಮಾತ್ರ ಓನರ್ ಹತ್ರ ಇರುತ್ತೆ. ಇಂಥ ಕಡೆ ನೀವು ಓನರ್ ಜೊತೆ ವೈ.ಜಿ. ರಾವ್ ಥರ ಮಾತಾಡಿದ್ರೆ ಸಂಜೆಯೊಳಗೆ ಬ್ಯಾಗು ಹೊರಗೆ ಬರಬಹುದು. ‘ಬಿಪಿ ಬರುತ್ತೆ’ ಅಂದ ಹುಡುಗಿಗೆ ಹಾಸ್ಯಪ್ರಜ್ಞೆ ಕಮ್ಮಿ ಅಂತಲ್ಲ. ಅವಳಿರೋ ಕಡೆ ಆ ಸಮಾನತೆ ಇಲ್ಲ, ಅಷ್ಟೇ.

ಇನ್ನು ಆದಿಲಕ್ಷ್ಮಿ. ‘ಇದು ತಮಾಷೆನಾ?’ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಬೇರೆ ಎಷ್ಟೋ ಸಿನಿಮಾಗಳಲ್ಲಿ ಹೀರೋ ಹಿಂದೆ ಬಿದ್ದು ಕಾಡಿಸಿ ಒಪ್ಪಿಸೋದನ್ನೇ ಪ್ರೀತಿ ಅಂತ ತೋರಿಸಿದ್ದಾರೆ. ಇಲ್ಲಿ ಮಾತ್ರ ಎರಡು ವ್ಯತ್ಯಾಸ ಇದೆ. ಒಂದು, ಆದಿಲಕ್ಷ್ಮಿ ಸುಮ್ಮನೆ ಕೇಳಿಸಿಕೊಳ್ಳಲ್ಲ, ಬಡ್ಡಿ ಸೇರಿಸಿ ವಾಪಸ್ ಕೊಡ್ತಾಳೆ. ಎರಡು, ಕಾಗದದ ಲೋಕದಲ್ಲಿ ಮೇಲಿರೋಳು ಅವಳೇ. ಅವಳು ಕಲಾವಿದೆ, ಇವನು ಅಭಿಮಾನಿ. ಅವನು ಮೆಚ್ಚೋದು ಅವಳ ರೂಪವನ್ನಲ್ಲ, ಅವಳ ಕೆಲಸವನ್ನ. ಆದಿಲಕ್ಷ್ಮಿಯ ಸಿಡುಕು, ಶ್ರುತಿಯ ಮೃದು ಮಾತು, ಎರಡನ್ನೂ ವಿನಯಾ ಪ್ರಸಾದ್ ಒಂದೇ ಹುಡುಗಿಯದ್ದು ಅಂತ ನಂಬಿಸ್ತಾರೆ.

ಆದರೂ ಒಂದು ಕಡೆ ಎಚ್ಚರ ಬೇಕು. 1940ರ ‘ದ ಶಾಪ್ ಅರೌಂಡ್ ದ ಕಾರ್ನರ್’ ಸಿನಿಮಾದಲ್ಲೂ ಇದೇ ಕಾಗದದ ಆಟ. ಅದನ್ನೇ 1998ರಲ್ಲಿ ‘ಯೂ ಹ್ಯಾವ್ ಗಾಟ್ ಮೇಲ್’ ಅಂತ ಇಮೇಲ್ ಕಾಲಕ್ಕೆ ತಂದರು. ಎರಡರಲ್ಲೂ ಗುಟ್ಟು ಮೊದಲು ಗೊತ್ತಾಗೋದು ಗಂಡಸಿಗೆ. ಅವನು ಅದನ್ನ ಮುಚ್ಚಿಟ್ಟುಕೊಂಡು ಆಟ ಮುಂದುವರಿಸ್ತಾನೆ. ಇಬ್ಬರಿಗೂ ಗೊತ್ತಿಲ್ಲದಿದ್ದಾಗ ಅದು ತಮಾಷೆ. ಒಬ್ಬರಿಗೆ ಮಾತ್ರ ಗೊತ್ತಾದ ಕ್ಷಣದಿಂದ ತಕ್ಕಡಿ ವಾಲುತ್ತೆ. ಸುಳ್ಳು ಹೆಸರಿನ ಅಕೌಂಟುಗಳ ಜೊತೆ ಬದುಕ್ತಿರೋ ನಮ್ಮ ತಲೆಮಾರಿಗೆ ಇದು ಬೇಗ ಅರ್ಥ ಆಗುತ್ತೆ. ‘ಗಣೇಶನ ಮದುವೆ’ ನೋಡುವಾಗಲೂ ಇದನ್ನೇ ಗಮನಿಸಿ: ಯಾವ ಹೊತ್ತಲ್ಲಿ ಯಾರಿಗೆ ಎಷ್ಟು ಗೊತ್ತು?

ನನ್ನ ಅಭಿಪ್ರಾಯ ಕೇಳಿದ್ರೆ, ಈ ಸಿನಿಮಾ ಇವತ್ತಿಗೂ ನಿಲ್ಲುತ್ತೆ. ಮುಂದಿನ ವರ್ಷವೇ ಇದೇ ನಿರ್ದೇಶಕರು, ಇದೇ ಜೋಡಿಯ ‘ಗೌರಿ ಗಣೇಶ’ ಬಂತು. ಅದನ್ನೂ ನೋಡಿ ಹೋಲಿಸಬಹುದು. ಆಗಾಗಲಿಲ್ಲ ಅಂದ್ರೆ ಇದೊಂದನ್ನಾದರೂ ಮನೆಯವರ ಜೊತೆ ನೋಡಿ. ಅಮ್ಮ ನಕ್ಕು ನೀವು ನಗದ ಸೀನ್ ಬಂದ್ರೆ ಅಲ್ಲೇ ಪಾಸ್ ಒತ್ತಿ, ‘ಅಮ್ಮ, ನಿಮ್ಮ ಬಾಡಿಗೆ ಮನೆ ಹೇಗಿತ್ತು?’ ಅಂತ ಕೇಳಿ. ಸಿನಿಮಾದಷ್ಟೇ ಒಳ್ಳೇ ಕಥೆ ಅಲ್ಲೂ ಸಿಗುತ್ತೆ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಕೇಳ್ತಾ ಇರಿ.