ಬಟ್ಟೆ ಚೂರು ಅಗ್ಗ, ಕೈಕೆಲಸ ಅಗ್ಗವಲ್ಲ

"ಟೈಲರ್ ಅಂಗಡಿಯಲ್ಲಿ ಉಳಿದ ಬಟ್ಟೆ ತಾನೇ? ಮತ್ತೆ ಒಂದು ಸ್ಕ್ರಂಚಿಗೆ 25 ರೂಪಾಯಿ ಯಾಕೆ?" ಗೆಳತಿಯರು ನನ್ನಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪಿಲ್ಲ. ಫ್ಯಾನ್ಸಿ ಅಂಗಡಿಯಲ್ಲಿ 10 ರೂಪಾಯಿಗೂ ಸ್ಕ್ರಂಚಿ ಸಿಗುತ್ತದೆ. ನಾನು ಮತ್ತು ಉಮ್ಮ ಎರಡು ವರ್ಷಗಳಿಂದ ಮನೆಯಲ್ಲೇ ಸ್ಕ್ರಂಚಿ, ಹೇರ್‌ಬ್ಯಾಂಡ್, ಸಣ್ಣ ಪೌಚ್‌ಗಳನ್ನು ಹೊಲಿದು ಮಾರುತ್ತಿದ್ದೇವೆ. ಆ 25 ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಬಟ್ಟೆಯ ವಿಷಯ. ಒಂದು ಚೂಡಿದಾರ್ ಕತ್ತರಿಸುವಾಗ ಕುತ್ತಿಗೆ, ಕಂಕುಳು, ಅಂಚಿನ ಭಾಗದ ಚೂರುಗಳು ಉಳಿಯುತ್ತವೆ. ಹೆಚ್ಚಿನ ಕಡೆ ಅವು ಕಸಕ್ಕೆ ಹೋಗುತ್ತವೆ, ಇಲ್ಲವೇ ಸುಟ್ಟುಹೋಗುತ್ತವೆ. ಆದರೆ ಒಂದು ಕಿಲೋ ಹತ್ತಿ ಬಟ್ಟೆ ತಯಾರಾಗಲು ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕು. ಆ ಲೆಕ್ಕದಲ್ಲಿ ಕಸಕ್ಕೆ ಬೀಳುವ ಹಿಡಿ ಚೂರಿನ ಹಿಂದೆಯೂ ಎಷ್ಟೋ ಕೊಡ ನೀರು ಇದೆ. ನಾವು ಎರಡು ಟೈಲರ್ ಅಂಗಡಿಗಳಿಂದ ಚೀಲಕ್ಕೆ ಇಷ್ಟು ಎಂದು ಕೊಟ್ಟು ಚೂರುಗಳನ್ನು ತರುತ್ತೇವೆ. ರಂಜಾನ್ ಹಬ್ಬದ ಮುಂಚಿನ ವಾರಗಳಲ್ಲಿ ಚೀಲ ಬೇಗ ತುಂಬುತ್ತದೆ.

ತಂದದ್ದೆಲ್ಲ ಕೆಲಸಕ್ಕೆ ಬರುವುದಿಲ್ಲ. ಹತ್ತಿ ಯಾವುದು, ಪಾಲಿಯೆಸ್ಟರ್ ಯಾವುದು ಎಂದು ಬೇರೆ ಮಾಡಬೇಕು. ಮುಟ್ಟಿ ಗೊತ್ತಾಗದಿದ್ದರೆ ಒಂದು ಎಳೆ ನೂಲನ್ನು ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡುತ್ತೇವೆ. (ಇದನ್ನು ಮನೆಯ ಹಿರಿಯರು ಜೊತೆಗಿದ್ದಾಗಲೇ ಮಾಡಿ.) ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅದು ಒಂದು ಬಗೆಯ ಪ್ಲಾಸ್ಟಿಕ್. ನೀರಿನ ಬಾಟಲಿ ಮಾಡುವ ವಸ್ತುವೇ ನೂಲಾಗಿ ಬಂದದ್ದು. ಒಗೆದಾಗಲೆಲ್ಲ ಅದರ ಸಣ್ಣ ಎಳೆಗಳು ನೀರಿಗೆ ಸೇರುತ್ತವೆ. ಹಾಗಾಗಿ ನಾವು ಒಗೆಯುವ ವಸ್ತುಗಳಿಗೆ ಹತ್ತಿಯನ್ನೇ ಬಳಸುತ್ತೇವೆ.

ಆಮೇಲೆ ಒಗೆತ, ಒಣಗಿಸುವುದು, ಇಸ್ತ್ರಿ. ಒಂದು ಸ್ಕ್ರಂಚಿಗೆ ಸುಮಾರು 45 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ಪಟ್ಟಿ ಬೇಕು. ಅಷ್ಟುದ್ದದ ಚೂರು ಸಿಗುವುದು ಅಪರೂಪ. ಎರಡು ಮೂರು ಚೂರು ಜೋಡಿಸಬೇಕು. ಹೊಸ ಬಟ್ಟೆಯ ತಾನಿನಿಂದ ಕತ್ತರಿಸುವವರಿಗೆ ಈ ಕೆಲಸವೇ ಇಲ್ಲ. ಉಳಿಕೆ ಬಟ್ಟೆಯಲ್ಲಿ ಹಣ ಉಳಿಯುತ್ತದೆ, ಆದರೆ ಸಮಯ ಹೆಚ್ಚು ಹೋಗುತ್ತದೆ. ಇಡೀ ವ್ಯವಹಾರದಲ್ಲಿ ಅರ್ಥಮಾಡಿಕೊಳ್ಳಬೇಕಾದ ಮಾತು ಇದೇ.

ಈಗ ಲೆಕ್ಕಕ್ಕೆ ಬರೋಣ. ನಾವು 20 ಸ್ಕ್ರಂಚಿಗಳನ್ನು ಒಟ್ಟಿಗೆ ಮಾಡುತ್ತೇವೆ. ಒಂದಕ್ಕೆ ಬಟ್ಟೆ 1 ರೂಪಾಯಿ, ಇಲಾಸ್ಟಿಕ್ 2 ರೂಪಾಯಿ, ನೂಲು 50 ಪೈಸೆ, ಕಾಗದದ ಕವರ್ ಮತ್ತು ಚೀಟಿ 1.50 ರೂಪಾಯಿ, ಕರೆಂಟು, ಸೂಜಿ, ಮೆಶಿನ್ ಎಣ್ಣೆಗೆ 1 ರೂಪಾಯಿ. ಒಟ್ಟು 6 ರೂಪಾಯಿ. ಅಂದರೆ 20ಕ್ಕೆ 120 ರೂಪಾಯಿ ಸಾಮಗ್ರಿ ಖರ್ಚು. ಚೂರು ಆರಿಸುವುದರಿಂದ ಹಿಡಿದು ಕವರಿಗೆ ಹಾಕುವವರೆಗೆ 4 ಗಂಟೆ ಬೇಕು.

ಇದನ್ನು 10 ರೂಪಾಯಿಗೆ ಮಾರಿದರೆ 200 ರೂಪಾಯಿ ಬರುತ್ತದೆ. 120 ಕಳೆದರೆ 80 ಉಳಿಯಿತು. "ಲಾಭವೇ ಅಲ್ಲವೇ?" ಎನ್ನಬಹುದು. ಆದರೆ 80 ರೂಪಾಯಿ 4 ಗಂಟೆಯ ದುಡಿಮೆಗೆ ಬಂದದ್ದು. ಗಂಟೆಗೆ 20 ರೂಪಾಯಿ. ಹೊರಗೆ ಆ ಕೂಲಿಗೆ ಯಾರೂ ಕೆಲಸಕ್ಕೆ ಬರುವುದಿಲ್ಲ. ನಾವು ಗಂಟೆಗೆ 60 ರೂಪಾಯಿ ಕೂಲಿ ಇಟ್ಟಿದ್ದೇವೆ. 4 ಗಂಟೆಗೆ 240, ಸಾಮಗ್ರಿ 120, ಒಟ್ಟು 360. ಒಂದಕ್ಕೆ 18 ರೂಪಾಯಿ ಅಸಲು ಬಿತ್ತು. 25ಕ್ಕೆ ಮಾರಿದಾಗ ಮೇಲೆ ಉಳಿಯುವ 7 ರೂಪಾಯಿಯಲ್ಲಿ ಹಾಳಾದದ್ದು, ಮಾರಾಟವಾಗದೆ ಉಳಿದದ್ದು, ಮೆಶಿನ್ ರಿಪೇರಿ ಎಲ್ಲ ಆಗಬೇಕು. ಕಾಮರ್ಸ್ ವಿದ್ಯಾರ್ಥಿಗಳಿಗೆ ಇದು ಹೊಸತಲ್ಲ, ಪಾಠದಲ್ಲಿ ಓದಿದ್ದೇ. ಮನೆಯ ಕೆಲಸಕ್ಕೂ ಅದೇ ಸೂತ್ರ ಹಾಕುವುದನ್ನು ಮಾತ್ರ ನಾವು ಮರೆಯುತ್ತೇವೆ.

ಮರೆಯುವುದಕ್ಕೆ ಕಾರಣವಿದೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಂತೆ ನಮ್ಮ ಮನೆಯೂ ಬೀಡಿಯಲ್ಲಿ ನಡೆದದ್ದು. ಅಜ್ಜಿ ಎಲೆ ನೆನೆಸಿ, ಕತ್ತರಿಸಿ, ಸುರುಟಿ, ಕಟ್ಟಿ ಬ್ರಾಂಚಿಗೆ ಕೊಡುತ್ತಿದ್ದರು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಎಲೆ ಕತ್ತರಿಸಿದ ಹೊತ್ತು, ಮಕ್ಕಳು ಕೂತು ನೆರವಾದ ಹೊತ್ತು, ಬ್ರಾಂಚಿಗೆ ನಡೆದ ಹೊತ್ತು ಯಾವುದಕ್ಕೂ ಬೇರೆ ಲೆಕ್ಕವಿರಲಿಲ್ಲ. ಹೆಂಗಸರು ಮನೆಯಲ್ಲಿ ಮಾಡುವುದು "ಬಿಡುವಿನ ಕೆಲಸ" ಎಂಬ ಮಾತು ಹೀಗೆ ಬಲವಾಯಿತು. ಅಜ್ಜಿಗೆ ದರ ಹೇಳುವ ಅವಕಾಶ ಇರಲಿಲ್ಲ. ಉಮ್ಮನಿಗೆ ಇದೆ. ಆ ಅವಕಾಶ ಕೈಯಲ್ಲಿದ್ದೂ ಸ್ವಂತ ಕೂಲಿಯನ್ನು ಸೊನ್ನೆ ಎಂದು ಬರೆದರೆ, ಪರಿಸರಕ್ಕೆ ಒಳ್ಳೆಯದು ಮಾಡಿದ ಖರ್ಚನ್ನೆಲ್ಲ ಉಮ್ಮನೇ ಹೊತ್ತಂತೆ.

ಗಿರಾಕಿಗೂ ನಾವು ಸರಿಯಾದ ಲೆಕ್ಕ ಕೊಡಬೇಕು. ನಮ್ಮ ಇಲಾಸ್ಟಿಕ್ ಮತ್ತು ನೂಲು ಹೊಸತು, ಅವುಗಳಲ್ಲಿ ಕೃತಕ ನಾರು ಇದೆ, ಮಣ್ಣಿನಲ್ಲಿ ಕರಗುವುದಿಲ್ಲ. ಆದ್ದರಿಂದ ಚೀಟಿಯಲ್ಲಿ "ನೂರಕ್ಕೆ ನೂರು ಪರಿಸರಸ್ನೇಹಿ" ಎಂದು ಬರೆಯುವುದಿಲ್ಲ. "ಟೈಲರ್ ಅಂಗಡಿಯಲ್ಲಿ ಉಳಿದ ಹತ್ತಿ ಬಟ್ಟೆ. ಇಲಾಸ್ಟಿಕ್, ನೂಲು ಹೊಸತು" ಎಂದಷ್ಟೇ ಬರೆಯುತ್ತೇವೆ. ಆಧಾರವಿಲ್ಲದೆ ಪರಿಸರದ ಹೆಸರಿನಲ್ಲಿ ಮಾರುವುದರ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ.

ಶುರು ಮಾಡಬೇಕೆನ್ನುವವರಿಗೆ ಕೆಲವು ಮಾತು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಕರಾರು ಮಾಡುವಂತಿಲ್ಲ. ಪಿಯುಸಿಯ ನಮ್ಮಲ್ಲಿ ಹೆಚ್ಚಿನವರಿಗೆ ಅಷ್ಟು ವಯಸ್ಸಾಗಿಲ್ಲ. ಹಾಗಾಗಿ ನಮ್ಮ ವ್ಯವಹಾರ ಉಮ್ಮನ ಹೆಸರಿನಲ್ಲಿದೆ, ಹಣ ಅವರ ಬ್ಯಾಂಕ್ ಖಾತೆಗೇ ಬರುತ್ತದೆ. ಸಣ್ಣ ಉದ್ಯಮಗಳಿಗೆ ಸರ್ಕಾರದ "ಉದ್ಯಮ್" ನೋಂದಣಿ 2020ರಿಂದ ಇದೆ. ಆಧಾರ್ ಮತ್ತು ಪ್ಯಾನ್ ಬೇಕು, ಸರ್ಕಾರದ ಅಧಿಕೃತ ತಾಣದಲ್ಲಿ ಅದು ಸಂಪೂರ್ಣ ಉಚಿತ. ಯಾರಾದರೂ ಶುಲ್ಕ ಕೇಳಿದರೆ ಅದು ಸರ್ಕಾರದ ಶುಲ್ಕವಲ್ಲ ಎಂದು ತಿಳಿಯಿರಿ. ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಕಳಿಸುವುದಾದರೆ ನಿಯಮ ಬೇರೆ. ಮೊದಲೇ ತಿಳಿದವರನ್ನು ಕೇಳಿ.

ಪರೀಕ್ಷೆಯ ತಿಂಗಳಲ್ಲಿ ಆರ್ಡರ್ ತೆಗೆದುಕೊಳ್ಳಬೇಡಿ. ಮನೆಖರ್ಚಿನ ಹಣ ಮತ್ತು ವ್ಯಾಪಾರದ ಹಣವನ್ನು ಬೇರೆ ಬೇರೆ ಡಬ್ಬಿಯಲ್ಲಿಡಿ.

ನಿಮ್ಮ ಮನೆಯಲ್ಲೂ ಉಮ್ಮ, ಅಕ್ಕ, ಚಿಕ್ಕಮ್ಮ ಯಾರಾದರೂ ಕ್ರೋಶ, ಮೆಹಂದಿ, ಕೇಕ್, ಹೊಲಿಗೆಯ ಕೆಲಸ ಮಾಡುತ್ತಿರಬಹುದು. ಅವರ ಖರ್ಚಿನ ಪುಸ್ತಕ ತೆರೆದು, ಸಾಮಗ್ರಿಯ ಪಕ್ಕದಲ್ಲಿ "ಸಮಯ" ಎಂದು ಇನ್ನೊಂದು ಕಾಲಂ ಎಳೆದುಕೊಡಿ. ಒಂದು ತಿಂಗಳು ಅದನ್ನು ತುಂಬಿಸಿ ನೋಡಿ. ದರ ಎಷ್ಟಿರಬೇಕೆಂದು ಆಮೇಲೆ ಅವರೇ ಹೇಳುತ್ತಾರೆ.