ಮುಂದಿನ ಚಕ್ರದ ಲೆಕ್ಕ

ರಿಯಾದ್‌ನ ಸನಾಇಯ್ಯ ಎಂದರೆ ಗ್ಯಾರೇಜುಗಳದ್ದೇ ಒಂದು ಪೇಟೆ. ಅಲ್ಲಿನ ಒಂದು ವರ್ಶಾದಲ್ಲಿ ನಾವು ನಾಲ್ಕು ಮಂದಿ ಕೆಲಸ ಮಾಡುವುದು. ಮೂವರು ಬ್ಯಾರಿಗಳು, ಒಬ್ಬ ಮಲಯಾಳಿ. ಕಳೆದ ಬೇಸಿಗೆಯಲ್ಲಿ ಒಂದು ಬುಧವಾರ ಅಸರ್ ನಮಾಝ್ ಮುಗಿಸಿ ಬರುವಾಗ ಬಾಗಿಲಲ್ಲಿ 2008ರ ಟೊಯೊಟಾ ಹೈಲಕ್ಸ್ ಪಿಕಪ್ ನಿಂತಿತ್ತು. ಪಕ್ಕದಲ್ಲಿ ನಮ್ಮ ಬಂಟ್ವಾಳ ಕಡೆಯ ಒಬ್ಬ ಹುಡುಗ.

ದಹ್ನಾ ಮರಳುಗಾಡಿನ ಒಳಗೆ ಕಫೀಲ್‌ನ ಒಂಟೆ ಬಿಡಾರಕ್ಕೆ ನೀರು, ಮೇವು ಮುಟ್ಟಿಸುವುದು ಅವನ ಕೆಲಸ. ದಹ್ನಾ ಎಂದರೆ 1,000 ಕಿ.ಮೀ.ಗೂ ಉದ್ದದ ಕೆಂಪು ಮರಳಿನ ಪಟ್ಟಿ. ಟಾರು ರಸ್ತೆ ಬಿಟ್ಟ ಮೇಲೆ ನಾಲ್ಕೂ ಚಕ್ರ ಎಳೆಯದಿದ್ದರೆ ಗಾಡಿ ಮುಂದೆ ಹೋಗುವುದಿಲ್ಲ.

"ಕಾಕ, 4x4 ಹಾಕಿದೆ. ಮೀಟರ್‌ನಲ್ಲಿ ಲೈಟ್ ಬಂತು. ಆದರೆ ಮುಂದಿನ ಚಕ್ರ ತಿರುಗುದೇ ಇಲ್ಲ. ಹಿಂದಿನದ್ದು ಗುಂಡಿ ತೋಡಿ ಕೂತಿತು. ಮೊಬೈಲ್‌ಗೆ ಸಿಗ್ನಲ್ ಇಲ್ಲ. ಟ್ಯಾಂಕಿಯಲ್ಲಿ ನೀರಿದ್ದ ಕಾರಣ ಬದುಕಿದೆ" ಎಂದ. 45 ಡಿಗ್ರಿ ದಾಟುವ ಬಿಸಿಲು. ಗಾಡಿಯ ನೆರಳಲ್ಲಿ ಮಧ್ಯಾಹ್ನದಿಂದ ಮಗ್ರಿಬ್‌ವರೆಗೆ ಕೂತಿದ್ದನಂತೆ. ಕೊನೆಗೆ ಆ ದಾರಿಯಾಗಿ ಬಂದ ಒಬ್ಬ ಬದು ಹಗ್ಗ ಕಟ್ಟಿ ಎಳೆದು ಹಾಕಿದ. "ಊರಲ್ಲಿ ಉಮ್ಮನಿಗೆ ಗೊತ್ತಾಗುದು ಬೇಡ" ಎಂದು ಎರಡು ಸಲ ಹೇಳಿದ.

ಮುಂದಿನ ಡಿಫ್ರೆನ್ಶಿಯಲ್‌ನ ಆಯಿಲ್ ಇಳಿಸಿ ನೋಡಿದೆವು. ಡ್ರೈನ್ ಬೋಲ್ಟ್‌ನ ಅಯಸ್ಕಾಂತಕ್ಕೆ ಕಬ್ಬಿಣದ ಹುಡಿ ಸ್ವಲ್ಪ ಹಿಡಿದಿರುವುದು ಮಾಮೂಲು. ಇಲ್ಲಿ ಹುಡಿಯಲ್ಲ, ಹಲ್ಲಿನ ತುಂಡುಗಳೇ ಇದ್ದವು. ಬಿಚ್ಚಿದಾಗ ಪಿನಿಯನ್‌ನ ಹಲ್ಲು ಮುರಿದಿತ್ತು. ಅದಕ್ಕಿಂತ ದೊಡ್ಡ ವಿಷಯ ಎಣಿಸಿದಾಗ ಗೊತ್ತಾಯಿತು. ಮುಂದಿನ ಕ್ರೌನ್‌ನಲ್ಲಿ 43 ಹಲ್ಲು, ಪಿನಿಯನ್‌ನಲ್ಲಿ 11. ಹಿಂದಿನದ್ದನ್ನು ನೋಡಿದರೆ 41 ಮತ್ತು 10. ಹಿಂದೆ ಯಾರೋ ರಿಪೇರಿ ಮಾಡಿದವರು ಬೇರೆ ಗಾಡಿಯ ಡಿಫ್ರೆನ್ಶಿಯಲ್ ತಂದು ಕೂರಿಸಿದ್ದರು.

ಇದರಲ್ಲಿ ತಪ್ಪೇನು ಎಂದು ಓದುಗರು ಕೇಳಬಹುದು. ಲೆಕ್ಕ ಸುಲಭ. 41ನ್ನು 10ರಿಂದ ಭಾಗಿಸಿದರೆ 4.1. ಅಂದರೆ ಶಾಫ್ಟ್ 4.1 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 43ನ್ನು 11ರಿಂದ ಭಾಗಿಸಿದರೆ ಸುಮಾರು 3.9. ಇಂಥ ಗಾಡಿಯಲ್ಲಿ 4x4 ಹಾಕಿದಾಗ ಮುಂದಿನ, ಹಿಂದಿನ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಆಗ ಹಿಂದಿನ ಚಕ್ರ 100 ಸುತ್ತು ಹೋಗುವಾಗ ಮುಂದಿನದ್ದು 105ರ ಹತ್ತಿರ ಹೋಗಲು ನೋಡುತ್ತದೆ. ಒಂದೇ ಗಾಡಿಯ ಚಕ್ರಗಳು ಒಂದಕ್ಕೊಂದು ಜಗಳ ಮಾಡಿದ ಹಾಗೆ. ಮೆದು ಮರಳಿನಲ್ಲಿ ಚಕ್ರ ಜಾರಿ ಆ ಜಗಳ ಅಲ್ಲಲ್ಲೇ ತೀರುತ್ತದೆ. ಗಟ್ಟಿ ನೆಲ ಸಿಕ್ಕಿದಾಗ ಜಾರಲು ಆಗುವುದಿಲ್ಲ, ಭಾರವೆಲ್ಲ ಹಲ್ಲಿಗೆ ಬೀಳುತ್ತದೆ. ಒಂದು ದಿನ ಹಲ್ಲು ಹೋಗುತ್ತದೆ. ಪೇಟೆಯಲ್ಲಿ ಹಿಂದಿನ ಎರಡು ಚಕ್ರದಲ್ಲೇ ಓಡಿಸುವ ಕಾರಣ ಇದು ಗೊತ್ತೇ ಆಗುವುದಿಲ್ಲ. ಬೇಕಾದ ಜಾಗದಲ್ಲೇ ಕೈ ಕೊಡುತ್ತದೆ.

ಮರುದಿನ ತಶ್ಲೀಹ್‌ಗೆ, ಅಂದರೆ ಹಳೆ ಗಾಡಿ ಒಡೆದು ಸಾಮಾನು ಮಾರುವಲ್ಲಿಗೆ ಹೋದೆವು. ಮೊದಲ ಅಂಗಡಿಯಲ್ಲೇ ಒಂದು ಸಿಕ್ಕಿತು. ರೇಟೂ ಕಡಿಮೆ. "ಬೋಲ್ಟ್ ಎಲ್ಲ ಸರಿ ಕೂರ್ತದೆ, ತಕೊಂಡು ಹೋಗಿ" ಎಂದ ಅಂಗಡಿಯವ. ಸುಳ್ಳಲ್ಲ, ಬೋಲ್ಟ್ ಕೂರುತ್ತದೆ. ನಾವು ಒಂದು ಬದಿಯ ಶಾಫ್ಟನ್ನು ಅಲುಗದಂತೆ ಹಿಡಿದು, ಇನ್ನೊಂದು ಬದಿಯದ್ದನ್ನು 20 ಸುತ್ತು ತಿರುಗಿಸಿ, ಪಿನಿಯನ್ ಎಷ್ಟು ತಿರುಗಿತೆಂದು ಸುಣ್ಣದ ಗುರುತು ಹಾಕಿ ಎಣಿಸಿದೆವು. ಒಂದು ಬದಿ ಹಿಡಿದಾಗ ಕ್ರೌನ್ ಅರ್ಧದಷ್ಟೇ ತಿರುಗುವುದರಿಂದ 20ಕ್ಕೆ 41 ಬರಬೇಕು. ಬಂದದ್ದು 39. ಮತ್ತೆ ಅದೇ ತಪ್ಪು ಸಾಮಾನು.

ನಿಜ ಹೇಳಬೇಕಲ್ಲ, ಆಗ ನಮ್ಮ ಮನಸ್ಸೂ ಅಲುಗಾಡಿತು. ಕಫೀಲ್ ಕೊಟ್ಟ ಹಣ ಇದಕ್ಕೇ ಸಾಕಾಗುವಷ್ಟು. ಗಾಡಿ ನಿಂತಷ್ಟು ದಿನ ಹುಡುಗನ ಸಂಬಳಕ್ಕೆ ಕತ್ತರಿ. "ಹಾಕಿ ಬಿಡುವ ಮಾರಾಯ, ಮರಳಲ್ಲಿ ನಡೀತದೆ. ಯಾರು ಎಣಿಸ್ತಾರೆ?" ಎಂದು ನಮ್ಮಲ್ಲೇ ಒಬ್ಬ ಹೇಳಿದ. ಆರು ತಿಂಗಳು ನಡೆಯುತ್ತಿತ್ತೋ ಏನೋ.

ಮದ್ರಸದಲ್ಲಿ ಉಸ್ತಾದರು ಹೇಳಿದ್ದನ್ನು ಎಲ್ಲರೂ ಕೇಳಿದ್ದೇವೆ. ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆದದ್ದೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವ ಹಾಗೆ ಅದನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಕೇಳಿದರು. ಡಿಫ್ರೆನ್ಶಿಯಲ್ ಗಾಡಿಯ ಅಡಿಯಲ್ಲಿ ಇರುವ ಸಾಮಾನು. ಗಿರಾಕಿ ಅದನ್ನು ಬಗ್ಗಿ ನೋಡುವುದಿಲ್ಲ. ನೋಡಿದರೂ ಒಳಗಿನ ಹಲ್ಲು ಕಾಣುವುದಿಲ್ಲ. ನೋಡಬೇಕಾದವರು ನಾವೇ.

ಕಫೀಲ್‌ಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆವು. ಮೊದಲು ಬೈದ. ಮುರಿದ ಹಲ್ಲಿನ ಫೋಟೊ ಕಳಿಸಿದ ಮೇಲೆ ಸುಮ್ಮನಾದ. ಹೆಚ್ಚಿನ ಹಣದಲ್ಲಿ ಅರ್ಧ ಕೊಟ್ಟ, ಉಳಿದರ್ಧ ನಮ್ಮ ಮಜೂರಿಯಲ್ಲಿ ಹೋಯಿತು. ಏಳನೆಯ ಅಂಗಡಿಯಲ್ಲಿ 41 ಸಿಕ್ಕಿತು.

ಶುಕ್ರವಾರ ಜುಮಾ ಮುಗಿಸಿ ಕೆಲಸಕ್ಕೆ ಕೂತೆವು. ಚಾಸಿಸ್‌ಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ, ಎರಡೂ ಬದಿಯ ಡ್ರೈವ್ ಶಾಫ್ಟ್ ಎಳೆದು, ಗುರುತು ಹಾಕಿ ಪ್ರೊಪೆಲ್ಲರ್ ಶಾಫ್ಟ್ ಬಿಡಿಸಿ, ಹಳೆಯದನ್ನು ಜಾಕಿಯ ಮೇಲೆ ಇಳಿಸಿದೆವು. ಹೊಸದು ಕೂರಿಸುವ ಮೊದಲು ಎಲ್ಲ ಆಯಿಲ್ ಸೀಲ್ ಬದಲಿಸಿದೆವು. ಹಳೆ ಸೀಲ್ ಉಳಿಸಿದರೆ ಆಯಿಲ್ ಸೋರಿ ಮತ್ತೆ ಇದೇ ಕತೆ. ಕೊನೆಗೆ ಮೇಲಿನ ತೂತಿನ ಅಂಚಿಗೆ ಬರುವವರೆಗೆ ಗೇರ್ ಆಯಿಲ್ ತುಂಬಿಸಿದೆವು. ಇಶಾ ಹೊತ್ತಿಗೆ ಊರ ಹೊರಗಿನ ಮರಳಿನಲ್ಲಿ ಓಡಿಸಿ ನೋಡಿದಾಗ ನಾಲ್ಕೂ ಚಕ್ರ ಎಳೆಯಿತು. ಶಬ್ದ ಇರಲಿಲ್ಲ.

ಊರಿನಲ್ಲೂ ಘಟ್ಟದ ಬುಡದ ತೋಟಗಳಿಗೆ ಹಳೆಯ 4x4 ಜೀಪು, ಪಿಕಪ್ ಕೊಳ್ಳುವವರಿದ್ದಾರೆ. ಅವರಿಗೆ ನಮ್ಮ ಅನುಭವದ ನಾಲ್ಕು ಮಾತು. ಹಣ ಕೊಡುವ ಮೊದಲು ಮುಂದೆ, ಹಿಂದೆ ಎರಡೂ ಕಡೆ ಸುತ್ತು ಎಣಿಸಿ ಹೊಂದುತ್ತದೆಯೇ ನೋಡಿ. ಡ್ರೈನ್ ಬೋಲ್ಟ್ ತೆಗೆಸಿ ತುಂಡು ಉಂಟಾ ನೋಡಿ. ಆದರೆ ಮೊದಲು ಮೇಲಿನ ಬೋಲ್ಟ್ ಬಿಚ್ಚಬೇಕು, ಅದು ಬಾರದಿದ್ದರೆ ಆಯಿಲ್ ತುಂಬಿಸಲು ದಾರಿ ಇಲ್ಲ. ನಾಲ್ಕು ಟಯರೂ ಒಂದೇ ಅಳತೆಯದ್ದಾಗಿರಲಿ. 4x4 ಹಾಕಿ ನೋಡುವುದು ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ. ಒಣ ಟಾರು ರಸ್ತೆಯಲ್ಲಿ ಬೇಡ.

ಹುಡುಗ ಶನಿವಾರ ಸುಬಹಿ ಆದ ಮೇಲೆ ಹೊರಟ. ರಾತ್ರಿ ಟಾರು ರಸ್ತೆಗೆ ವಾಪಸ್ ಬಂದು ಮೆಸೇಜ್ ಹಾಕಿದ: "ಮುಟ್ಟಿಸಿ ಬಂದೆ ಕಾಕ." ಉಮ್ಮನಿಗೆ ಇನ್ನೂ ಹೇಳಿಲ್ಲವಂತೆ. ಇದನ್ನು ಓದುವ ಮನೆಗಳಲ್ಲೂ ಗಲ್ಫ್‌ನಲ್ಲಿ ಗಾಡಿ ಓಡಿಸುವ ಮಗ, ಅಳಿಯ, ತಮ್ಮ ಇರಬಹುದು. ಅವರು ತಾವಾಗಿ ಹೇಳುವುದಿಲ್ಲ. ಫೋನ್ ಮಾಡುವಾಗ "ಊಟ ಆಯ್ತಾ" ಎಂದು ಕೇಳಿದ ಮೇಲೆ "ಗಾಡಿ ಸರಿ ಉಂಟಾ ಮೋನೇ" ಎಂದೂ ಒಮ್ಮೆ ಕೇಳಿ.